ಘಾಟಿ ಇಳಿಯುವ ರೈಲಿನ ಲೆಕ್ಕ

ಸಕಲೇಶಪುರದಲ್ಲಿ ರೈಲು ಸುಮ್ಮನೆ ಹೊರಡುವುದಿಲ್ಲ. ಮೊದಲು ಬ್ರೇಕ್ ಪರೀಕ್ಷೆಯಾಗಬೇಕು. ಬೋಗಿಗಳ ಕೆಳಗೆ ಗಾಳಿಯ ಕೊಳವೆಗಳು ಬುಸ್ಸೆನ್ನುತ್ತವೆ, ಸಿಬ್ಬಂದಿ ಬಗ್ಗಿ ಬಗ್ಗಿ ಚಕ್ರಗಳನ್ನು ನೋಡುತ್ತಾ ಸಾಗುತ್ತಾರೆ. ಒಳಗೆ ಕೂತವರಿಗೆ ಇದು ಬರೀ ತಡ. ಆದರೆ ಮುಂದಿನ ಪಯಣವೆಲ್ಲ ನಿಂತಿರುವುದು ಈ ಪರೀಕ್ಷೆಯ ಮೇಲೆಯೇ.

ದೋಣಿಗಾಲ್ ದಾಟಿದ ಮೇಲೆ ಕಾಡು ಕಿಟಕಿಗೆ ಒತ್ತಿಕೊಂಡು ಬರುತ್ತದೆ. ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಸುಮಾರು 55 ಕಿ.ಮೀ. ದಾರಿ, 57 ಸುರಂಗ, ನೂರು ಮೀರಿದ ಸೇತುವೆಗಳು. ಮಳೆಗಾಲದಲ್ಲಿ ಬಂಡೆಗಳ ಮೇಲಿಂದ ನೀರು ಹಳಿಯ ಪಕ್ಕಕ್ಕೇ ಧುಮುಕುತ್ತದೆ. ಅದು ಸರಸರ ಇಳಿಯುತ್ತಿದ್ದರೆ ರೈಲು ಮಾತ್ರ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ತೆವಳುತ್ತದೆ. ಇಳಿಜಾರಿನಲ್ಲಿ ಇಷ್ಟು ನಿಧಾನವೇಕೆ ಎಂದು ಕೇಳುವವರಿದ್ದಾರೆ. ಆ ನಿಧಾನದಲ್ಲೇ ನನಗೆ ಭೌತವಿಜ್ಞಾನದ ಅತಿ ಸುಂದರ ನಿಯಮವೊಂದು ಕಾಣುತ್ತದೆ: ಶಕ್ತಿಯ ಸಂರಕ್ಷಣೆ.

ಇಲ್ಲಿನ ಇಳಿಜಾರು 50ಕ್ಕೆ 1. ಅಂದರೆ ಒಂದು ಕಿ.ಮೀ. ಸಾಗಿದರೆ 20 ಮೀಟರ್ ಕೆಳಗಿಳಿದಂತೆ. ಎತ್ತರದಲ್ಲಿದ್ದಾಗ ರೈಲಿನಲ್ಲಿ ಕೂಡಿದ್ದ ಪ್ರಚ್ಛನ್ನ ಶಕ್ತಿ, ಇಳಿದಷ್ಟೂ ಚಲನ ಶಕ್ತಿಯಾಗಬೇಕು. ಘರ್ಷಣೆ, ಬ್ರೇಕ್ ಎರಡೂ ಇಲ್ಲವೆಂದುಕೊಳ್ಳಿ: ನಿಂತಲ್ಲಿಂದ ಜಾರಿದ ರೈಲು ಒಂದೇ ಕಿ.ಮೀ.ಗೆ ಗಂಟೆಗೆ 71 ಕಿ.ಮೀ. ವೇಗ ಮುಟ್ಟುತ್ತದೆ, ಐದು ಕಿ.ಮೀ.ಗೆ ಸುಮಾರು 160. ಸಾವಿರ ಟನ್ನಿನ ಗೂಡ್ಸ್ ಆದರೂ ಅಷ್ಟೇ, ಒಂಟಿ ಬೋಗಿಯಾದರೂ ಅಷ್ಟೇ. ತೂಕ ಲೆಕ್ಕದ ಎರಡೂ ಬದಿಯಲ್ಲಿರುವುದರಿಂದ ಹೊಡೆದುಹೋಗುತ್ತದೆ. ಇಳಿಜಾರು ಕಡಿದಾಗಿದ್ದರೂ ಸೌಮ್ಯವಾಗಿದ್ದರೂ ತಳದ ವೇಗವನ್ನು ನಿರ್ಧರಿಸುವುದು ಎತ್ತರ ಮಾತ್ರ ಎಂದು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲೇ ಹೇಳಿದ್ದ. ಸೌಮ್ಯ ಇಳಿಜಾರು ತೆಗೆದುಕೊಳ್ಳುವುದು ಹೆಚ್ಚು ಸಮಯವನ್ನಷ್ಟೇ.

ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ ಘರ್ಷಣೆ ತೀರಾ ಕಡಿಮೆ. ಹಾಗಾಗಿ ಆ ಶಕ್ತಿಯನ್ನು ಯಾರಾದರೂ ವಸೂಲಿ ಮಾಡಲೇಬೇಕು, ಅದೂ ಗಳಿಗೆ ಗಳಿಗೆಗೂ. ಗಂಟೆಗೆ 30 ಕಿ.ಮೀ. ವೇಗದ ರೈಲಿನ ಪೂರ್ತಿ ಚಲನ ಶಕ್ತಿ ಮೂರೂವರೆ ಮೀಟರ್ ಎತ್ತರಕ್ಕೆ ಸಮ. ಈ ಹಳಿಯ ಮೇಲೆ ಅಷ್ಟು ಇಳಿಯಲು 180 ಮೀಟರ್ ಕೂಡ ಬೇಡ. ಸಾವಿರ ಟನ್ನಿನ ರೈಲು ಕಿ.ಮೀ.ಗೆ 54 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬಿಟ್ಟುಕೊಡುತ್ತದೆ. ವೇಗ ಏರದಿರಬೇಕಾದರೆ ಅದರ ಬಹುಪಾಲು ಶಾಖವಾಗಿ ಹೋಗಬೇಕು. ರೈಲು ನಿಂತಾಗ ಮೂಗಿಗೆ ಬಡಿಯುವ ಆ ಸುಟ್ಟ ವಾಸನೆ, ಘಟ್ಟದ ಎತ್ತರವೇ ಬ್ರೇಕಿನಲ್ಲಿ ಬಿಸಿಯಾದದ್ದು. ಯಾಂತ್ರಿಕ ಶಕ್ತಿ ಇಲ್ಲಿ ಉಳಿಯಲಿಲ್ಲ, ನಿಜ. ಒಟ್ಟು ಶಕ್ತಿಯಲ್ಲಿ ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಬ್ರೇಕ್ ಕೈಕೊಟ್ಟರೆ? ಅದಕ್ಕೇ ಘಾಟಿ ಮಾರ್ಗಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ ಪಕ್ಕದ ಹಳಿ ಇರುತ್ತದೆ. ಮುಖ್ಯ ದಾರಿ ಕೆಳಗಿಳಿದರೆ ಇದು ಮೇಲಕ್ಕೇರುತ್ತದೆ, ಕೆಲವೆಡೆ ಹಳಿಯನ್ನು ಮರಳಿನಲ್ಲಿ ಹೂತಿರುತ್ತಾರೆ. ಹಳಿ ಬದಲಿಸುವ ಪಾಯಿಂಟ್ ಸಾಮಾನ್ಯವಾಗಿ ಇದರ ಕಡೆಗೇ ತಿರುಗಿರುತ್ತದೆ. ಇಳಿದು ಬಂದ ರೈಲು ನಿಂತು, ತಾನು ಹತೋಟಿಯಲ್ಲಿದ್ದೇನೆಂದು ತೋರಿಸಿದ ಮೇಲೆಯೇ ಮುಖ್ಯ ಹಳಿಗೆ ದಾರಿ. ನಿಲ್ಲಲಾರದೆ ನುಗ್ಗಿ ಬಂದದ್ದು ಏರುಹಳಿ ಹತ್ತುತ್ತದೆ, ವೇಗವನ್ನು ಮತ್ತೆ ಎತ್ತರಕ್ಕೆ ಕೊಟ್ಟು ಸೋಲುತ್ತದೆ. ಜೀವ ಉಳಿಸುವ ಈ ಉಪಾಯಕ್ಕೆ ಎಂಜಿನ್ ಬೇಡ, ಕರೆಂಟ್ ಬೇಡ. ಇಂಥ ಹಳಿಯನ್ನು ಯೋಜಿಸಿದ ಎಂಜಿನಿಯರುಗಳ ಮೇಲೆ ನನಗೆ ಅಪಾರ ಗೌರವ.

ಎದುರಿನಿಂದ ಹತ್ತಿ ಬರುವ ರೈಲು ಅದೇ 54 ಯೂನಿಟ್ಟನ್ನು ಕಿ.ಮೀ. ಕಿ.ಮೀ.ಗೂ ಕಟ್ಟಬೇಕು, ಜೊತೆಗೆ ಘರ್ಷಣೆಯ ಪಾಲು. ಭಾರದ ರೈಲುಗಳನ್ನು ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಜೋಡಿಸುವುದು ಇದಕ್ಕೇ. ವಿದ್ಯುತ್ ತಂತಿ ಇರುವ ಘಾಟಿಗಳಲ್ಲಿ ಇಳಿಯುವ ಎಂಜಿನ್ನಿನ ಮೋಟಾರುಗಳನ್ನೇ ಜನರೇಟರಿನಂತೆ ದುಡಿಸಿ ಒಂದಷ್ಟು ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುತ್ತಾರೆ. ಅದೇ ಹೊತ್ತಿಗೆ ಹತ್ತುತ್ತಿರುವ ರೈಲು ಅದನ್ನು ಎಳೆದುಕೊಳ್ಳಬಹುದು.