ಗಾಯದ ಹಿಂದಿನ ಉದ್ದೇಶ: ವೈದ್ಯದಾಖಲೆಯ ಒಂದು ಸಾಲಿನ ಬೆಲೆ

ಹದಿಹರೆಯದ ಮಗಳೊಬ್ಬಳು ಸುಡುಬೇಸಿಗೆಯಲ್ಲಿಯೂ ತುಂಬುತೋಳಿನ ಅಂಗಿಯನ್ನೇ ತೊಡುತ್ತಾಳೆ. ಒಂದು ದಿನ ತಾಯಿಯ ಕಣ್ಣಿಗೆ ಅವಳ ಮುಂಗೈ ಮೇಲಿನ ಗಾಯಗಳು ಬೀಳುತ್ತವೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿಯೇ ಹಿರಿಯರು, "ಬಿದ್ದು ಪೆಟ್ಟಾಯಿತೆಂದು ಹೇಳಿಬಿಡೋಣ" ಎಂದು ನಿಶ್ಚಯಿಸುತ್ತಾರೆ. ಇದು ಇಂಥವರ ಮನೆಯದೆಂದು ನಾವು ಹೇಳುತ್ತಿಲ್ಲ. ಮರ್ಯಾದೆಗೆ ಅಂಜುವ ಯಾವ ಮನೆಯಲ್ಲಿಯಾದರೂ ನಡೆಯಬಹುದಾದ ಸಂಗತಿಯಿದು. ಆ ಒಂದು ಮಾತಿನಿಂದ ವೈದ್ಯದಾಖಲೆಯಲ್ಲಿ ಏನಾಗುತ್ತದೆ, ಆ ಮಗುವಿಗೆ ಏನು ತಪ್ಪಿಹೋಗುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಸಾಯುವ ಇಚ್ಛೆಯಿಲ್ಲದೆ ತನ್ನ ದೇಹವನ್ನು ತಾನೇ ನೋಯಿಸಿಕೊಳ್ಳುವುದು ಆತ್ಮಹತ್ಯಾ ಪ್ರಯತ್ನಕ್ಕಿಂತ ಭಿನ್ನವಾದುದು. ತಾಳಲಾರದ ದುಃಖ, ಕೋಪ ಅಥವಾ ಶೂನ್ಯಭಾವದಿಂದ ಕ್ಷಣಕಾಲ ಬಿಡುಗಡೆ ಪಡೆಯುವುದಕ್ಕಾಗಿ ಕೆಲವರು ಹೀಗೆ ಮಾಡಿಕೊಳ್ಳುತ್ತಾರೆ. ಇದು ಬಹುಮಟ್ಟಿಗೆ ಹದಿಹರೆಯದಲ್ಲಿ ಆರಂಭವಾಗುತ್ತದೆ. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್ಎಂ–5 ಕೈಪಿಡಿಯು ಇದನ್ನು ಇನ್ನೂ ಅಧ್ಯಯನವಾಗಬೇಕಾದ ಸ್ಥಿತಿಗಳ ಸಾಲಿನಲ್ಲಿರಿಸಿ, ಕಳೆದ ಒಂದು ವರ್ಷದಲ್ಲಿ 5 ಅಥವಾ ಹೆಚ್ಚು ದಿನಗಳಂದು ಹೀಗೆ ನಡೆದಿರಬೇಕೆಂಬ ಮಾನದಂಡವನ್ನು ಸೂಚಿಸಿತು. ಸಮಾಜವು ಒಪ್ಪಿದ ಆಚರಣೆಗಳನ್ನು ಅದು ಹೊರಗಿಟ್ಟಿದೆ. ಕಿವಿ ಚುಚ್ಚಿಸಿಕೊಳ್ಳುವುದು, ಹಚ್ಚೆ ಹಾಕಿಸಿಕೊಳ್ಳುವುದು, ಜಾತ್ರೆಯಲ್ಲಿ ಹರಕೆಯ ಬಾಯಿಬೀಗ ಹಾಕಿಸಿಕೊಳ್ಳುವುದು ಇವು ಈ ಲೆಕ್ಕಕ್ಕೆ ಬರುವುದಿಲ್ಲ.

ರೋಗ, ಗಾಯ, ಲಕ್ಷಣಗಳಿಗೆ ಅಕ್ಷರ ಮತ್ತು ಅಂಕಿಗಳ ಗುರುತನ್ನು ಕೊಡುವ ಕಾರ್ಯವೇ ಮೆಡಿಕಲ್ ಕೋಡಿಂಗ್. ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಗೆ ಕೋಡ್ ನೀಡುವ ಕೆಲಸ ಬೆಂಗಳೂರಿನಲ್ಲಿಯೂ ನಡೆಯುತ್ತಿದ್ದು, ನಮ್ಮ ನಾಡಿನ ಯುವಕ ಯುವತಿಯರಲ್ಲಿ ಹಲವರಿಗೆ ಅದೇ ಕಾಯಕವಾಗಿದೆ. ಅಲ್ಲಿ ಬಳಕೆಯಲ್ಲಿರುವ ಐಸಿಡಿ–10–ಸಿಎಂ ಪದ್ಧತಿಯಲ್ಲಿ ಮೊದಲು ಸ್ವಹಾನಿಯ ಪೂರ್ವಚರಿತ್ರೆಗೆಲ್ಲ ಝಡ್ 91.5 ಎಂಬ ಒಂದೇ ಗುರುತಿತ್ತು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರೂ ನೋವಿನಿಂದ ನೆಮ್ಮದಿ ಅರಸಿದವರೂ ಅದರಲ್ಲಿ ಒಂದಾಗಿಬಿಡುತ್ತಿದ್ದರು. 2021ರ ಅಕ್ಟೋಬರ್ 1ರಿಂದ ಇದನ್ನು ವಿಂಗಡಿಸಲಾಯಿತು. ಆತ್ಮಹತ್ಯಾ ವರ್ತನೆಯ ಪೂರ್ವಚರಿತ್ರೆಗೆ ಝಡ್ 91.51, ಆ ಉದ್ದೇಶವಿಲ್ಲದ ಸ್ವಹಾನಿಯ ಪೂರ್ವಚರಿತ್ರೆಗೆ ಝಡ್ 91.52, ಪ್ರಸ್ತುತ ಅಂತಹ ಸ್ವಹಾನಿಗೆ ಆರ್ 45.88 ಎಂಬ ಗುರುತುಗಳು ಬಂದವು. ಕೊನೆಯದರೊಂದಿಗೆ ಗಾಯದ ಕೋಡನ್ನೂ ಸೇರಿಸಬೇಕೆಂಬ ಸೂಚನೆಯಿದೆ. ಆತ್ಮಹತ್ಯೆಯ ಪ್ರಯತ್ನಕ್ಕೆ ಟಿ 14.91 ಎಂಬ ಬೇರೆಯೇ ಗುರುತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ–11 ಪದ್ಧತಿಯು 2022ರ ಜನವರಿ 1ರಂದು ಜಾರಿಗೆ ಬಂದಿದ್ದು, ಅದರಲ್ಲಿಯೂ ಇದಕ್ಕೆ ಪ್ರತ್ಯೇಕ ಸ್ಥಾನವುಂಟು. ಎರಡೂ ಪದ್ಧತಿಗಳು ಇದನ್ನು ಲಕ್ಷಣಗಳ ಅಧ್ಯಾಯದಲ್ಲಿ ಇರಿಸಿವೆಯೆಂಬುದು ಗಮನಾರ್ಹ. ಇದು ಒಳಗಿನ ಸಂಕಟದ ಹೊರಗುರುತೇ ಹೊರತು ವ್ಯಕ್ತಿಯ ಮೇಲೆ ಒತ್ತುವ ಮುದ್ರೆಯಲ್ಲ.

ಈಗ ಮೊದಲಿನ ಪ್ರಸಂಗಕ್ಕೆ ಮರಳೋಣ. ಕೋಡ್ ಬರೆಯುವವರು ಉದ್ದೇಶವನ್ನು ತಾವಾಗಿ ಊಹಿಸುವಂತಿಲ್ಲ; ವೈದ್ಯರು ಬರೆದುದೇ ಅವರಿಗೆ ಆಧಾರ. ಸಂದೇಹ ಬಂದರೆ ವೈದ್ಯರನ್ನೇ ಕೇಳಬೇಕು. ಗಾಯದ ಉದ್ದೇಶ ತಿಳಿಯದಿದ್ದರೆ ಅದನ್ನು ಅಪಘಾತವೆಂದೇ ಗುರುತಿಸಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಉದ್ದೇಶವನ್ನು ನಿರ್ಣಯಿಸಲಾಗದು ಎಂದು ದಾಖಲೆಯಲ್ಲಿಯೇ ಬರೆದಿದ್ದರೆ ಮಾತ್ರ ಅನಿರ್ಣೀತ ಎಂಬ ಗುರುತನ್ನು ಬಳಸಬಹುದು. ಅಂದಮೇಲೆ, ಮನೆಯವರು ಮುಚ್ಚಿಟ್ಟು ವೈದ್ಯರು ಕೇಳದೆ ಹೋದರೆ, ಮಗುವಿನ ಸಂಕಟವು ಕಾಲುಜಾರಿ ಬಿದ್ದ ಪೆಟ್ಟಾಗಿ ದಾಖಲೆಯೊಳಗೆ ಹೂತುಹೋಗುತ್ತದೆ. ಮುಂದಿನ ಬಾರಿ ನೋಡುವ ವೈದ್ಯರಿಗೆ ಹಿಂದಿನದರ ಸುಳಿವೇ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ವಿಚಾರಿಸದೆಯೇ ಆತ್ಮಹತ್ಯಾ ಪ್ರಯತ್ನವೆಂದು ಬರೆದರೆ, ಮಾಡದ ಪ್ರಯತ್ನವೊಂದರ ಚರಿತ್ರೆ ಆ ಮಗುವಿನ ಬೆನ್ನು ಹತ್ತುತ್ತದೆ.

ಆದುದರಿಂದ ಉತ್ತಮ ದಾಖಲೆಯಲ್ಲಿ ಕೆಲವು ಅಂಶಗಳು ಸ್ಪಷ್ಟವಾಗಿರಬೇಕು: ಗಾಯದ ಸ್ಥಳ ಮತ್ತು ತೀವ್ರತೆ, ಉದ್ದೇಶದ ಬಗ್ಗೆ ರೋಗಿಯೇ ಆಡಿದ ಮಾತು, ಇದು ಎಷ್ಟು ಸಲ ನಡೆದಿದೆ, ಈಗ ಸಾಯುವ ಯೋಚನೆ ಇದೆಯೇ ಇಲ್ಲವೇ, ಖಿನ್ನತೆಯಂತಹ ಬೇರೆ ತೊಂದರೆ ಇದೆಯೇ ಎಂಬುದು. ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ನಿರಾಧಾರವಾದುದು. ಇನ್ನೊಂದು ಎಚ್ಚರವೂ ಅಗತ್ಯ. ಸಾಯುವ ಉದ್ದೇಶವಿರಲಿಲ್ಲ ಎಂದಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಲಾಗದು. ಹೀಗೆ ನೋಯಿಸಿಕೊಳ್ಳುವವರಲ್ಲಿ ಮುಂದೆ ಆತ್ಮಹತ್ಯಾ ಪ್ರಯತ್ನದ ಸಂಭವ ಇತರರಿಗಿಂತ ಹೆಚ್ಚು. ಆದಕಾರಣ ಪ್ರತಿ ಭೇಟಿಯಲ್ಲಿಯೂ ಈ ಪ್ರಶ್ನೆಯನ್ನು ಹೊಸದಾಗಿಯೇ ಕೇಳಬೇಕು.

ನಮ್ಮಲ್ಲಿ ಅನೇಕರ ಬಾಯಿ ಕಟ್ಟುವುದು ಪೊಲೀಸರ ಭಯ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ದಂಡಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಹಳೆಯ 309ನೆಯ ಕಲಮನ್ನು ಉಳಿಸಿಕೊಂಡಿಲ್ಲ. ಪ್ರಯತ್ನಿಸಿದವರ ವಿಷಯದಲ್ಲಿಯೇ ಕಾನೂನು ಹೀಗೆ ಮೃದುವಾಗಿರುವಾಗ, ಆ ಉದ್ದೇಶವೇ ಇಲ್ಲದ ಮಗುವಿನ ಬಗ್ಗೆ ವೈದ್ಯರೆದುರು ಸುಳ್ಳಾಡುವ ಅಗತ್ಯವೇನು? ಮಾನಸಿಕ ಅಸ್ವಸ್ಥರ ವಿವರಗಳನ್ನು ಗೋಪ್ಯವಾಗಿಡಬೇಕೆಂದೂ ತಮ್ಮ ವೈದ್ಯದಾಖಲೆಯನ್ನು ನೋಡುವ ಹಕ್ಕು ಅವರಿಗಿದೆಯೆಂದೂ ಅದೇ ಕಾಯಿದೆ ಹೇಳುತ್ತದೆ.

ಭಕ್ತಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಗಾಯ ಕಂಡೊಡನೆ ಗದರಿಸಬೇಡಿ, ಇನ್ನು ಮಾಡುವುದಿಲ್ಲವೆಂದು ಆಣೆ ಹಾಕಿಸಬೇಡಿ. ಗಾಯಕ್ಕೆ ಆರೈಕೆ ಮಾಡಿ, ಪಕ್ಕದಲ್ಲಿ ಕುಳಿತು, ಮಗು ಮಾತಾಡುವವರೆಗೆ ಕಾಯಿರಿ. ವೈದ್ಯರ ಬಳಿ ನಡೆದುದನ್ನು ನಡೆದಂತೆಯೇ ಹೇಳಿ. ಸ್ವಲ್ಪ ಹೊತ್ತು ಮಗುವಿನೊಡನೆ ಏಕಾಂತದಲ್ಲಿ ಮಾತಾಡಲು ಅವರಿಗೆ ಅವಕಾಶ ಕೊಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದಾಖಲೆಯಲ್ಲಿ ಸತ್ಯವಾದ ಒಂದು ಸಾಲು ಬಿದ್ದರೆ ಮನೆತನದ ಮರ್ಯಾದೆಗೆ ಕುಂದು ಬಾರದು. ಆ ಸಾಲನ್ನು ಓದುವ ಮುಂದಿನ ವೈದ್ಯರು ಸರಿಯಾದ ಪ್ರಶ್ನೆಯನ್ನು ಕೇಳುತ್ತಾರೆ. ಮಗುವಿಗೆ ಬೇಕಾಗಿರುವುದು ಅದೇ.