ಸೊಟ್ಟಪಾದವೂ ಅಡ್ಡಕಂಬಿಯೂ

ಹೆರಿಗೆಯ ಕೋಣೆಯಿಂದ ಕೂಸನ್ನು ಹೊರಗೆ ತಂದು ತೋರಿಸಿದಾಗ ನೆರೆದವರೆಲ್ಲರೂ ಮೊದಲು ನೋಡುವುದು ಅದರ ಮುಖವನ್ನು. ಮೂಗು ಯಾರದು, ಬಣ್ಣ ಯಾರದು ಎಂಬ ಚರ್ಚೆ ನಡೆಯುವುದು. ಸುತ್ತಿದ ಬಟ್ಟೆಯನ್ನು ಬಿಚ್ಚಿ ಕಾಲನ್ನು ನೋಡುವುದು ಆಮೇಲೆ. ಸಾವಿರ ಕೂಸುಗಳಲ್ಲಿ ಸುಮಾರು ಒಂದರ ಪಾಲಿಗೆ ಈ ಎರಡನೆಯ ನೋಟವು ಮನೆಯವರ ಮಾತನ್ನು ನಿಲ್ಲಿಸಿಬಿಡುತ್ತದೆ. ಪಾದವು ಒಳಕ್ಕೆ ತಿರುಗಿದೆ. ಹಿಮ್ಮಡಿಯು ಮೇಲಕ್ಕೆ ಸೆಳೆದುಕೊಂಡಿದೆ. ಅಂಗಾಲು ನೆಲದ ಕಡೆಗಿರುವ ಬದಲು ಇನ್ನೊಂದು ಕಾಲಿನ ಕಡೆಗೆ ಮುಖಮಾಡಿದೆ. ಇದನ್ನು ಇಂಗ್ಲಿಷಿನಲ್ಲಿ ಕ್ಲಬ್‌ಫುಟ್ ಎನ್ನುವರು. ನಮ್ಮಲ್ಲಿ ಸೊಟ್ಟಪಾದವೆಂದು ಕರೆಯುವುದುಂಟು. ಹೆಣ್ಣುಕೂಸುಗಳಿಗಿಂತ ಗಂಡುಕೂಸುಗಳಲ್ಲಿ ಇದು ಇಮ್ಮಡಿ ಹೆಚ್ಚು. ಹೀಗೆ ಹುಟ್ಟಿದವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಎರಡು ಪಾದಗಳೂ ಸೊಟ್ಟಗಿರುತ್ತವೆ.

ನಿಂತ ಮಾತು ಮರಳಿದಾಗ ಮೊದಲು ಹೊರಡುವುದು ದೂಷಣೆ. ಬಸುರಿಯು ಗ್ರಹಣಕಾಲದಲ್ಲಿ ಹೊರಗೆ ಬಂದಳೆಂದೋ, ಆಗ ಏನನ್ನೋ ಕತ್ತರಿಸಿದಳೆಂದೋ ಹಿರಿಯರು ಕಾರಣವನ್ನು ಹುಡುಕುವರು. ಭೂಮಿಯ ನೆರಳಾಗಲಿ ಚಂದ್ರನ ನೆರಳಾಗಲಿ ಗರ್ಭದೊಳಗಿನ ಪಾದವನ್ನು ತಿರುಚಲಾರದು. ನಿಜವಾದ ಕಾರಣವು ಪೂರ್ತಿಯಾಗಿ ತಿಳಿದಿಲ್ಲವೆಂಬುದು ಸತ್ಯವೇ. ಆದರೆ ಆನುವಂಶಿಕತೆಗೆ ಇದರಲ್ಲಿ ದೊಡ್ಡ ಪಾತ್ರವುಂಟು. ೧೯೩೯ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬನಿಗೆ ಸೊಟ್ಟಪಾದವಿದ್ದರೆ ಇನ್ನೊಬ್ಬನಿಗೂ ಅದಿರುವುದು ಮೂರರಲ್ಲಿ ಒಂದು ಸಲ ಕಂಡುಬಂದಿತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಈ ಪ್ರಮಾಣವು ನೂರಕ್ಕೆ ಮೂರು ಮಾತ್ರ. ತಾಯಿಯ ನಡೆನುಡಿಯಲ್ಲಿ ತಪ್ಪು ಹುಡುಕುವವರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ಈ ಪಾದವನ್ನು ನೆಟ್ಟಗೆ ಮಾಡಬಹುದೆಂಬ ತಿಳಿವಳಿಕೆ ಬಹು ಹಳೆಯದು. ಸುಮಾರು ೨೪೦೦ ವರ್ಷಗಳ ಹಿಂದೆ ಗ್ರೀಸಿನ ಹಿಪಾಕ್ರಟೀಸನ ಕಾಲದ ವೈದ್ಯರು, ಕೂಸು ಎಳೆಯದಾಗಿರುವಾಗಲೇ ಪಾದವನ್ನು ಮೆಲ್ಲಗೆ ತಿದ್ದಿ ಬಟ್ಟೆಯ ಪಟ್ಟಿಗಳಿಂದ ಕಟ್ಟಬೇಕೆಂದೂ, ನೆಟ್ಟಗಾದ ಮೇಲೆ ವಿಶೇಷವಾದ ಪಾದರಕ್ಷೆಯನ್ನು ತೊಡಿಸಬೇಕೆಂದೂ ಬರೆದಿಟ್ಟಿದ್ದರು. ಮುಂದಿನವರು ‘ಮೆಲ್ಲಗೆ’ ಎಂಬ ಮಾತನ್ನು ಮರೆತರು. ತಿರುಪುಗಳಿದ್ದ ಯಂತ್ರಗಳಿಂದ ಪಾದಗಳನ್ನು ಬಲವಂತವಾಗಿ ತಿರುಗಿಸಿದವರು ಉಂಟು. ಇಪ್ಪತ್ತನೆಯ ಶತಮಾನದಲ್ಲಿ ಕತ್ತಿಯನ್ನು ಹಿಡಿದು ಕೀಲು ಕೀಲನ್ನೂ ಬಿಡಿಸಿ ಜೋಡಿಸಿದವರು ಇನ್ನೂ ಹೆಚ್ಚು. ಹಾಗೆ ಕೊಯ್ದು ಸರಿಪಡಿಸಿದ ಪಾದವು ನೋಟಕ್ಕೆ ಚೆನ್ನಾಗಿಯೇ ಇರುತ್ತಿತ್ತು. ಆದರೆ ಗಾಯ ಮಾಗಿ ಉಂಟಾದ ಗಡಸು ಕಲೆಯ ದೆಸೆಯಿಂದ ಅದು ವಯಸ್ಸಾದಂತೆ ಬಿಗಿದು ನೋಯುತ್ತಿತ್ತು.

ಈ ನೋವನ್ನು ಗಮನಿಸಿದವರಲ್ಲಿ ಇಗ್ನಾಸಿಯೋ ಪೊನ್ಸೆಟಿ ಒಬ್ಬರು. ೧೯೧೪ರಲ್ಲಿ ಸ್ಪೇನಿಗೆ ಸೇರಿದ ಮಿನೋರ್ಕಾ ದ್ವೀಪದಲ್ಲಿ ಜನಿಸಿದ ಇವರು ಗಡಿಯಾರ ರಿಪೇರಿ ಮಾಡುವವರ ಮಗ. ಬಾರ್ಸಿಲೋನಾದಲ್ಲಿ ವೈದ್ಯಶಾಸ್ತ್ರವನ್ನೋದಿ, ಸ್ಪೇನಿನ ಅಂತರ್ಯುದ್ಧದಲ್ಲಿ ಮುರಿದ ಮೂಳೆಗಳನ್ನು ಕೂಡಿಸುತ್ತ ಪಳಗಿದರು. ತಮ್ಮ ಪಕ್ಷವು ಸೋತಾಗ ಗಡಿ ದಾಟಿ ಫ್ರಾನ್ಸಿಗೂ ಅಲ್ಲಿಂದ ಮೆಕ್ಸಿಕೋ ದೇಶಕ್ಕೂ ಹೋಗಿ, ೧೯೪೧ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಹಿಂದೆ ಶಸ್ತ್ರಚಿಕಿತ್ಸೆಯಾದ ಪಾದಗಳನ್ನು ಮತ್ತೆ ಪರೀಕ್ಷಿಸಿದಾಗ, ಕತ್ತಿಯಿಲ್ಲದೆ ಈ ಕೆಲಸ ಆಗದೇ ಎಂಬ ಪ್ರಶ್ನೆ ಅವರಿಗೆ ಹುಟ್ಟಿತು.

ಉತ್ತರವು ಎರಡು ಸಂಗತಿಗಳಲ್ಲಿತ್ತು. ಮೊದಲನೆಯದು ಪಾದದ ರಚನೆ. ಕಣಕಾಲಿನ ಕೆಳಗೆ ಟೇಲಸ್ ಎಂಬ ಎಲುಬುಂಟು. ಉಳಿದ ಪಾದವು ಇದರ ಸುತ್ತ ತಿರುಗುತ್ತದೆ. ಬೀಸುವ ಕಲ್ಲನ್ನು ನೆನೆದುಕೊಳ್ಳಿ: ಟೇಲಸ್ ಅದರ ನಡುವಿನ ಗೂಟ, ಉಳಿದ ಪಾದ ಮೇಲಿನ ಕಲ್ಲು. ಪೊನ್ಸೆಟಿಗಿಂತ ಮೊದಲೇ ಅಟ್ಲಾಂಟಾದ ಕೈಟ್ ಎಂಬ ವೈದ್ಯರು ಕತ್ತಿಯಿಲ್ಲದೆ ಪಾದವನ್ನು ತಿದ್ದುತ್ತಿದ್ದರು. ಆದರೆ ಅವರ ಹೆಬ್ಬೆರಳು ಪಾದದ ಹೊರಅಂಚಿನ ನಡುವನ್ನು ಅದುಮುತ್ತಿತ್ತು. ಕಲ್ಲಿನ ಅಂಚನ್ನೇ ಬಿಗಿಹಿಡಿದರೆ ಕಲ್ಲು ತಿರುಗುವುದು ಹೇಗೆ? ಹಿಮ್ಮಡಿಯು ಸರಿಯಲಾರದೆ, ಚಿಕಿತ್ಸೆಯು ತಿಂಗಳುಗಟ್ಟಲೆ ಎಳೆಯುತ್ತಿತ್ತು. ಪೊನ್ಸೆಟಿಯವರು ಗೂಟವನ್ನು, ಎಂದರೆ ಟೇಲಸ್ಸಿನ ತಲೆಯನ್ನು, ಹೆಬ್ಬೆರಳಿನಿಂದ ನಿಲ್ಲಿಸಿ ಉಳಿದ ಪಾದವೆಲ್ಲವನ್ನೂ ಒಟ್ಟಾಗಿ ಹೊರಕ್ಕೆ ತಿರುಗಿಸಿದರು.

ಎರಡನೆಯದು ಎಲುಬುಗಳನ್ನು ಬಂಧಿಸುವ ರಜ್ಜುಗಳ ಸ್ವಭಾವ. ಇವುಗಳಲ್ಲಿರುವ ಕೊಲಾಜನ್ ಎಂಬ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಅಲೆ ಅಲೆಯಾಗಿ ಕಾಣುತ್ತವೆ. ಮೆಲ್ಲಗೆ ಎಳೆದರೆ ಅಲೆಗಳು ಬಿಚ್ಚಿಕೊಂಡು ರಜ್ಜು ತುಸು ಉದ್ದವಾಗುವುದು. ಹಾಗೆಯೇ ಹಿಡಿದಿಟ್ಟರೆ ಕೆಲವು ದಿನಗಳಲ್ಲಿ ಅಲೆಗಳು ಮತ್ತೆ ಮೂಡಿ ಮುಂದಿನ ಎಳೆತಕ್ಕೆ ಎಡೆಯಾಗುವುದು. ಆದುದರಿಂದ ವಾರಕ್ಕೊಮ್ಮೆ ಪಾದವನ್ನು ಒಂದಿಷ್ಟು ತಿರುಗಿಸಿ, ಕಾಲ್ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಕಟ್ಟುವರು. ಇಂಥ ಐದಾರು ಕಟ್ಟುಗಳು ಸಾಕು. ಹಿಮ್ಮಡಿಯು ಇನ್ನೂ ಇಳಿಯದಿದ್ದರೆ ಅಲ್ಲಿಯ ಸ್ನಾಯುರಜ್ಜುವನ್ನು ಒಂದು ಚಿಕ್ಕ ಅಲಗಿನಿಂದ ಕತ್ತರಿಸಿ, ಕೊನೆಯ ಪ್ಲಾಸ್ಟರನ್ನು ಮೂರು ವಾರ ಇಡುವರು. ಹೆಚ್ಚಿನ ಕೂಸುಗಳಿಗೆ ಇದು ಬೇಕಾಗುವುದು. ಅಷ್ಟರಲ್ಲಿ ರಜ್ಜುವು ತಾನೇ ಉದ್ದವಾಗಿ ಬೆಳೆದು ಕೂಡಿಕೊಳ್ಳುವುದು. ಪೊನ್ಸೆಟಿಯವರು ಇದನ್ನು ೧೯೬೩ರಲ್ಲಿಯೇ ಪ್ರಕಟಿಸಿದರೂ ವೈದ್ಯಲೋಕವು ಮೂವತ್ತು ವರ್ಷ ಕಿವಿಗೊಡಲಿಲ್ಲ. ಅವರು ಕಿರಿಯ ವಯಸ್ಸಿನಲ್ಲಿ ತಿದ್ದಿದ್ದ ಪಾದಗಳನ್ನು, ಆ ರೋಗಿಗಳಿಗೆ ಸರಾಸರಿ ೩೪ ವರ್ಷವಾದಾಗ ಪರೀಕ್ಷಿಸಿದ ವರದಿಯೊಂದು ೧೯೯೫ರಲ್ಲಿ ಹೊರಬಂದಿತು. ಅವರಲ್ಲಿ ನೂರಕ್ಕೆ ೭೮ ಮಂದಿಯ ಪಾದಗಳು ಚೆನ್ನಾಗಿದ್ದವು. ಹುಟ್ಟಿನಿಂದ ಯಾವ ಊನವೂ ಇಲ್ಲದವರಲ್ಲಿ ಈ ಸಂಖ್ಯೆ ೮೫. ಅನಂತರವೇ ಈ ಪದ್ಧತಿಯು ಲೋಕವೆಲ್ಲ ಹರಡಿದುದು. ೨೦೦೯ರಲ್ಲಿ, ೯೫ನೆಯ ವಯಸ್ಸಿನಲ್ಲಿ, ಪೊನ್ಸೆಟಿ ತೀರಿಕೊಂಡರು.

ಇಲ್ಲಿಗೆ ಕಥೆ ಮುಗಿಯಿತೆಂದು ವಾಚಕರು ಭಾವಿಸಬಹುದು. ತಂದೆತಾಯಿಗಳೂ ಹಾಗೆಯೇ ಭಾವಿಸುವರು. ತೊಡಕು ಇರುವುದೇ ಅಲ್ಲಿ. ಕೊನೆಯ ಪ್ಲಾಸ್ಟರ್ ಬಿಚ್ಚಿದ ದಿನ ಕೂಸಿನ ಪಾದವು ಎಷ್ಟು ಚೆನ್ನಾಗಿರುತ್ತದೆಂದರೆ, ಇದು ಸೊಟ್ಟಗಿತ್ತೆಂದು ಹೇಳಿದರೆ ನೆರೆಯವರು ನಂಬರು. ಆದರೆ ಪಾದವನ್ನು ಒಳಕ್ಕೆಳೆದ ಶಕ್ತಿಯು ಇನ್ನೂ ಆ ರಜ್ಜುಗಳಲ್ಲಿಯೂ ಮೀನಖಂಡದಲ್ಲಿಯೂ ಅಡಗಿದೆ. ಮೊದಲ ವರ್ಷಗಳಲ್ಲಿ ಪಾದದ ಬೆಳವಣಿಗೆಯೂ ಬಲು ವೇಗ; ಒಂದು ಒಂದೂವರೆ ವರ್ಷದೊಳಗೆ ಅದು ದೊಡ್ಡವರ ಪಾದದ ಅರ್ಧ ಉದ್ದವನ್ನು ಮುಟ್ಟುತ್ತದೆ. ಹಿಡಿದಿಡುವವರಿಲ್ಲದಿದ್ದರೆ ಈ ವೇಗದಲ್ಲಿಯೇ ಅದು ಹಳೆಯ ದಾರಿಗೆ ತಿರುಗುವುದು.

ಹಿಡಿದಿಡಲು ಇರುವ ಸಾಧನವು ಬಹಳ ಸರಳ: ಎರಡು ಪುಟ್ಟ ಬೂಟುಗಳು, ಅವುಗಳನ್ನು ಜೋಡಿಸುವ ಒಂದು ಅಡ್ಡಕಂಬಿ. ಕಂಬಿಯ ಉದ್ದವು ಕೂಸಿನ ಹೆಗಲಿನ ಅಗಲದಷ್ಟು. ಸೊಟ್ಟಗಿದ್ದ ಪಾದದ ಬೂಟನ್ನು ಹೊರಕ್ಕೆ ೬೦ರಿಂದ ೭೦ ಡಿಗ್ರಿಗಳಷ್ಟೂ, ಸರಿಯಾದ ಪಾದದ್ದನ್ನು ೩೦ರಿಂದ ೪೦ ಡಿಗ್ರಿಗಳಷ್ಟೂ ತಿರುಗಿಸಿ ಬಿಗಿದಿರುವರು. ಬೂಟು ಸಾಲದೆ, ಕಂಬಿಯೇಕೆ ಎಂದು ನೀವು ಕೇಳಬಹುದು. ಬಿಡಿಯಾದ ಬೂಟಿನೊಳಗೆ ಕೂಸು ಇಡೀ ಕಾಲನ್ನೇ ಒಳಕ್ಕೆ ಹೊರಳಿಸಿಬಿಡುತ್ತದೆ. ಹೊರಕ್ಕೆ ತಿರುಗಿದ ಸ್ಥಿತಿಯಲ್ಲಿ ಒಂದು ಕಾಲನ್ನು ನಿಲ್ಲಿಸಲು ಇನ್ನೊಂದು ಕಾಲೇ ಆಧಾರವಾಗಬೇಕು. ಮೊಣಕಾಲುಗಳಿಗೆ ಯಾವ ಕಟ್ಟೂ ಇಲ್ಲದುದರಿಂದ ಕೂಸು ಒದೆಯಬಲ್ಲದು, ಮತ್ತು ಪ್ರತಿ ಒದೆತದಲ್ಲಿಯೂ ಹಿಮ್ಮಡಿಯ ರಜ್ಜುವು ತುಸು ಹಿಗ್ಗುವುದು. ಇಂಥ ಕಂಬಿಯನ್ನು ೧೯೩೦ರ ದಶಕದಲ್ಲಿ ಲಂಡನ್ನಿನ ಡೆನಿಸ್ ಬ್ರೌನ್ ಎಂಬ ಶಸ್ತ್ರವೈದ್ಯರು ಪಾದವನ್ನು ತಿದ್ದಲೆಂದೇ ಬಳಸಿದ್ದರು. ಪೊನ್ಸೆಟಿಯವರ ಪದ್ಧತಿಯಲ್ಲಿ ಅದು ತಿದ್ದುವುದಿಲ್ಲ, ತಿದ್ದಿದುದನ್ನು ಕಾಯುತ್ತದೆ.

ಕಾಯುವ ಅವಧಿಯೆಷ್ಟು? ಮೊದಲ ಮೂರು ತಿಂಗಳು ದಿನಕ್ಕೆ ೨೩ ಗಂಟೆ. ಅನಂತರ ರಾತ್ರಿ ಮತ್ತು ಹಗಲುನಿದ್ದೆಯ ಹೊತ್ತು ಮಾತ್ರ, ದಿನಕ್ಕೆ ೧೨ ಗಂಟೆಗೆ ಕಡಿಮೆಯಾಗದಂತೆ, ಮಗುವಿಗೆ ಸುಮಾರು ನಾಲ್ಕು ವರ್ಷ ತುಂಬುವವರೆಗೆ. ಲೆಕ್ಕ ಹಾಕಿ ನೋಡಿ: ಒಟ್ಟು ೧೭,೦೦೦ ಗಂಟೆಗಳನ್ನು ಮೀರುತ್ತದೆ. ವೈದ್ಯರ ಕೈಯು ಆ ಪಾದದ ಮೇಲಿದ್ದ ಕಾಲವನ್ನೆಲ್ಲ ಕೂಡಿಸಿದರೂ ಒಂದೆರಡು ಗಂಟೆಯಾದೀತು. ಉಳಿದುದೆಲ್ಲ ಮನೆಯಲ್ಲಿ, ಬಹುಮಟ್ಟಿಗೆ ತಾಯಿಯ ಕೈಯಲ್ಲಿ. ಕಂಬಿಯನ್ನು ಕ್ರಮವಾಗಿ ತೊಡಿಸಿದ ಮಕ್ಕಳಲ್ಲಿ ನೂರಕ್ಕೆ ಆರು ಮಂದಿಗೆ ಸೊಟ್ಟು ಮರುಕಳಿಸಿದರೆ, ತೊಡಿಸದೆ ಬಿಟ್ಟವರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಮರುಕಳಿಸುವುದೆಂದು ಅಯೋವಾದ ವೈದ್ಯರ ಅನುಭವ.

ಲೆಕ್ಕವು ಕಾಗದದ ಮೇಲೆ ಸುಲಭ. ಅಳುವ ಕೂಸಿನ ಎದುರಿಗೆ ಅಲ್ಲ. ಮೊದಲ ಎರಡು ರಾತ್ರಿ ಅದು ಅತ್ತೇ ಅಳುತ್ತದೆ. ನೋವಿನಿಂದಲ್ಲ, ಎರಡು ಕಾಲುಗಳನ್ನೂ ಬೇರೆ ಬೇರೆಯಾಗಿ ಆಡಿಸಲಾಗದ ಸಿಟ್ಟಿನಿಂದ. ಆಗ ಅಜ್ಜಿಯು, “ಪಾಪ, ಬಿಚ್ಚು ತಾಯಿ, ನಾಳೆ ಹಾಕಿದರಾಯಿತು” ಎನ್ನುವಳು. ಅತ್ತಾಗ ಬಿಚ್ಚಿದರೆ, ಅತ್ತರೆ ಬಿಚ್ಚುವರೆಂಬ ಪಾಠವನ್ನು ಕೂಸು ಒಂದೇ ಸಲಕ್ಕೆ ಕಲಿತುಬಿಡುವುದು. ಅದರ ಬುದ್ಧಿಯನ್ನು ನಾವು ಕಡಿಮೆಯೆಂದು ಎಣಿಸಬಾರದು. ಬಲ್ಲ ತಾಯಂದಿರು ಬೇರೊಂದು ಉಪಾಯವನ್ನು ಮಾಡುವರು. ಕಂಬಿಯ ನಡುವನ್ನು ಹಿಡಿದು, ಆಟವಾಡಿಸುತ್ತ, ಎರಡು ಮೊಣಕಾಲುಗಳನ್ನೂ ಒಟ್ಟಿಗೆ ಮಡಿಸಿ ಒಟ್ಟಿಗೆ ನೀಡುವರು. ಜೋಡಿಗಾಲಿನಲ್ಲಿ ಒದೆಯುವುದು ತಿಳಿದೊಡನೆ ಕೂಸಿನ ಸಿಟ್ಟು ಇಳಿಯುತ್ತದೆ. ಕಂಬಿಗೆ ಮೆತ್ತನೆಯ ಬಟ್ಟೆಯನ್ನು ಸುತ್ತಿದರೆ ಅದರ ಪೆಟ್ಟಿನಿಂದ ತಾಯಿಯ ಸೊಂಟವೂ ಉಳಿಯುವುದು, ತೊಟ್ಟಿಲ ಪಕ್ಕದ ಗೋಡೆಯೂ ಉಳಿಯುವುದು.

ಆದರೆ ಎಲ್ಲ ಅಳುವೂ ಸಿಟ್ಟಿನ ಅಳುವಲ್ಲ. ಹಿಮ್ಮಡಿಯು ಬೂಟಿನ ತಳವನ್ನು ಮುಟ್ಟದೆ ಮೇಲೆದ್ದರೆ ಚರ್ಮವು ಉಜ್ಜಿ ಕೆಂಪಾಗಿ ಬೊಕ್ಕೆಯೇಳುತ್ತದೆ. ಇದನ್ನು ನೋಡಲೆಂದೇ ಕೆಲವು ಬೂಟುಗಳ ಹಿಂದೆ ಕಿಂಡಿಯಿರುವುದು. ಕಿಂಡಿಯಿಲ್ಲದಿದ್ದರೆ, ಕಾಲ್ಬೆರಳಿನ ತುದಿ ಎಲ್ಲಿಗೆ ಬಂದಿದೆಯೆಂದು ಬೂಟಿನ ಒಳತಳದಲ್ಲಿ ಒಂದು ಗೆರೆಯನ್ನು ಎಳೆದುಕೊಳ್ಳಬಹುದು. ಬೆರಳು ಗೆರೆಯಿಂದ ಹಿಂದೆ ಸರಿದಿದ್ದರೆ ಹಿಮ್ಮಡಿಯು ಜಾರಿದೆಯೆಂದು ಅರ್ಥ. ಅಂಥ ವೇಳೆಯಲ್ಲಿ ಪಟ್ಟಿಯನ್ನು ಬಿಗಿಮಾಡಬೇಕೇ ಹೊರತು ಸಡಿಲಿಸಬಾರದು. ಸಡಿಲವಾದ ಬೂಟೇ ಹೆಚ್ಚು ಗಾಯಮಾಡುವುದು. ಬೊಕ್ಕೆಯೆದ್ದರೆ ವೈದ್ಯರಿಗೆ ತೋರಿಸಬೇಕು.

ಉಳಿದ ಆ ಒಂದು ಗಂಟೆಯು ನಮ್ಮ ಮನೆಗಳಿಗೆ ಹೇಳಿಮಾಡಿಸಿದಂತಿದೆ. ಅಜ್ಜಿಯು ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರೆರೆದು, ಸಾಂಬ್ರಾಣಿಯ ಹೊಗೆ ಹಿಡಿಯುವಷ್ಟರಲ್ಲಿ ಗಂಟೆಯೊಂದು ಕಳೆದೇ ಹೋಗುತ್ತದೆ. ಪಾದಕ್ಕೆ ಹಚ್ಚಿದ ಎಣ್ಣೆಯನ್ನು ಮಾತ್ರ ಪೂರ್ತಿಯಾಗಿ ತೊಳೆದು ಒರೆಸಿ, ಹತ್ತಿಯ ಕಾಲುಚೀಲವನ್ನು ಹಾಕಿ ಬೂಟು ತೊಡಿಸಬೇಕು; ಜಿಡ್ಡಿದ್ದರೆ ಪಾದವು ಜಾರುವುದು, ಚರ್ಮವು ಕೆಡುವುದು. ಆಮೇಲೆ ಬೆಚ್ಚಗೆ ನಿದ್ದೆ ಹೋದ ಕೂಸನ್ನು ಎಬ್ಬಿಸಲಾರದೆ ಕಂಬಿಯನ್ನು ಪಕ್ಕಕ್ಕಿಟ್ಟರೆ, ೨೩ ಗಂಟೆಯು ೧೯ ಆಗುವುದು.

ನನಗೆ ತೋರುವಂತೆ ಹೆಚ್ಚಿನ ಅಪಾಯವಿರುವುದು ಮೊದಲ ಮೂರು ತಿಂಗಳಲ್ಲಿ ಅಲ್ಲ, ಎರಡನೆಯ ವರ್ಷದಲ್ಲಿ. ಆಗ ಮಗು ನಡೆಯುತ್ತಿದೆ, ಓಡಲೂ ತೊಡಗಿದೆ. ನೆಂಟರ ಮದುವೆಗೆ ಹೊರಟಾಗ ಕಂಬಿಯು ಮನೆಯಲ್ಲಿಯೇ ಉಳಿಯುವುದು. ಬೂಟು ಚಿಕ್ಕದಾಗಿರುವುದು, ಹೊಸದಕ್ಕಾಗಿ ಪಟ್ಟಣದ ಆಸ್ಪತ್ರೆಗೆ ಹೋದರೆ ಬಸ್ಸಿನ ಖರ್ಚಿನೊಡನೆ ಒಂದು ದಿನದ ಕೂಲಿಯೂ ಹೋಗುವುದು. ಇದನ್ನು ಉದಾಸೀನವೆಂದು ಜರೆಯುವುದು ನ್ಯಾಯವಲ್ಲ. ಓಡುತ್ತಿರುವ ಮಗುವಿನ ಕಾಲಿಗೆ ರಾತ್ರಿ ಕಂಬಿ ಏಕೆ ಬೇಕೆಂದು ಅವರಿಗೆ ಯಾರಾದರೂ ಕೂತು ಬಿಡಿಸಿ ಹೇಳಿದ್ದರೆ, ಆ ದಿನದ ಕೂಲಿಯನ್ನು ಬಿಡಲು ಅನೇಕರು ಒಪ್ಪುತ್ತಿದ್ದರು.

ಬೆಲೆಯ ತೊಡಕನ್ನು ಆಫ್ರಿಕಾದ ಉಗಾಂಡದಲ್ಲಿ ಚೆನ್ನಾಗಿ ಬಿಡಿಸಿದರು. ಅಲ್ಲಿನ ಕಂಪಾಲಾದಲ್ಲಿ ಕೆಲಸಮಾಡುತ್ತಿದ್ದ ಸ್ಟೀನ್‌ಬೀಕ್ ಎಂಬವರು, ಊರಿನ ಚಮ್ಮಾರರೂ ಬೆಸುಗೆಯವರೂ ತಮ್ಮಲ್ಲಿರುವ ಚರ್ಮ, ಮರದ ಹಲಗೆ, ಕಬ್ಬಿಣದ ಸರಳುಗಳಿಂದಲೇ ಮಾಡಬಹುದಾದ ಕಂಬಿಬೂಟನ್ನು ರೂಪಿಸಿದರು. ಭಾರತದಲ್ಲಿ ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಸೊಟ್ಟಪಾದವನ್ನು ಹುಟ್ಟಿದೊಡನೆ ಗುರುತಿಸಬೇಕಾದ ಊನಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ನೆರೆಯಲ್ಲಿ ಇಂಥ ಕೂಸು ಹುಟ್ಟಿದರೆ, ಆಶಾ ಕಾರ್ಯಕರ್ತೆಗೋ ಹತ್ತಿರದ ಸರಕಾರಿ ಆಸ್ಪತ್ರೆಗೋ ತಿಳಿಸಲು ವೈದ್ಯಕೀಯದ ಓದು ಬೇಕಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿಯೇ ಪ್ಲಾಸ್ಟರ್ ಆರಂಭಿಸುವುದು ವಾಡಿಕೆ.

ಮರುಕಳಿಸಿದರೆ ಗತಿಯಿಲ್ಲವೆಂದಲ್ಲ. ಪ್ಲಾಸ್ಟರನ್ನು ಮತ್ತೆ ಕಟ್ಟುವರು. ಮಗು ದೊಡ್ಡದಾಗಿದ್ದರೆ ಪಾದದ ಮೇಲಿನ ಸ್ನಾಯುರಜ್ಜುವೊಂದನ್ನು ಶಸ್ತ್ರಕ್ರಿಯೆಯಿಂದ ಬೇರೆಡೆಗೆ ಜೋಡಿಸುವರು. ಚೆನ್ನಾಗಿ ಗುಣವಾದ ಮಗುವಿನಲ್ಲಿಯೂ ಆ ಕಡೆಯ ಮೀನಖಂಡವು ತುಸು ಸಣ್ಣಗೂ ಪಾದವು ತುಸು ಚಿಕ್ಕದಾಗಿಯೂ ಉಳಿಯುವುದುಂಟು. ಓಟಕ್ಕೂ ಆಟಕ್ಕೂ ಅದು ಅಡ್ಡಿಯಲ್ಲ. ಸೊಟ್ಟು ಮರಳುತ್ತಿದೆಯೇ ಎಂದು ಮನೆಯಲ್ಲಿಯೇ ನೋಡಲು ಒಂದು ಸುಲಭವಾದ ದಾರಿಯುಂಟು. ಬಚ್ಚಲಿನಲ್ಲಿಯೋ ಅಂಗಳದಲ್ಲಿಯೋ ಮಗುವು ಕುಕ್ಕರಗಾಲಿನಲ್ಲಿ ಕುಳಿತಾಗ ಹಿಂದಿನಿಂದ ಬಾಗಿ ನೋಡಬೇಕು: ಎರಡು ಹಿಮ್ಮಡಿಗಳೂ ನೆಲವನ್ನು ಮುಟ್ಟಿವೆಯೇ, ಒಂದು ಎದ್ದಿದೆಯೇ? ಎದ್ದಿದ್ದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಹೊರಡಬೇಕು.