ಛಾಯಾಗ್ರಹಣ: ಹವ್ಯಾಸದಿಂದ ಸ್ವ-ಉದ್ಯೋಗಕ್ಕೆ



ಕಾಲೇಜಿನ ವಾರ್ಷಿಕೋತ್ಸವದಲ್ಲಿ ನೀವು ತೆಗೆದ ಚಿತ್ರಗಳನ್ನು ಗೆಳೆಯರು ಮೆಚ್ಚಿಕೊಂಡಿರಬಹುದು. 'ನೀನೇ ಒಂದು ಸ್ಟುಡಿಯೊ ಇಡಬಾರದೇಕೆ?' ಎಂದು ಯಾರಾದರೂ ಕೇಳಿಯೂ ಇರಬಹುದು. ಈ ಮಾತು ಕಿವಿಗೆ ಬಿದ್ದ ಕೂಡಲೇ ಹಲವರು ಮಾಡುವ ಮೊದಲ ಕೆಲಸವೆಂದರೆ ಕ್ಯಾಮೆರಾದ ಬೆಲೆ ವಿಚಾರಿಸುವುದು. ಮನೆಯವರು ಸಾಲ ಮಾಡಿ ಹಣ ಹೊಂದಿಸುತ್ತಾರೆ. ಕ್ಯಾಮೆರಾ ಬರುತ್ತದೆ, ಕಂತು ಕಟ್ಟುವ ದಿನವೂ ಬರುತ್ತದೆ, ಗಿರಾಕಿ ಮಾತ್ರ ಬಂದಿರುವುದಿಲ್ಲ. ಚಿತ್ರ ತೆಗೆಯುವುದು ಒಂದು ವಿದ್ಯೆ. ಅದರಿಂದ ಬದುಕು ನಡೆಸುವುದು ಇನ್ನೊಂದು ವಿದ್ಯೆ. ಈ ಎರಡನೆಯ ವಿದ್ಯೆಯ ಬಗ್ಗೆ ಇಲ್ಲಿ ವಿಚಾರ ಮಾಡೋಣ.

ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವಾಗ

ಇಂದು ಮೊಬೈಲ್ ಫೋನ್ ಇರುವವರೆಲ್ಲರೂ ಚಿತ್ರ ತೆಗೆಯುತ್ತಾರೆ. ಹಾಗಿದ್ದ ಮೇಲೆ ಛಾಯಾಗ್ರಾಹಕನಿಗೆ ಯಾರು ಹಣ ಕೊಡುತ್ತಾರೆ? ಪ್ರಶ್ನೆ ಸಹಜವಾದದ್ದೇ. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು 1975ರಲ್ಲಿ ನಿರ್ಮಿಸಿದವರು ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್. ಅವರು ಕೆಲಸಕ್ಕಿದ್ದದ್ದು ಫಿಲ್ಮ್ ತಯಾರಿಕೆಗೆ ಹೆಸರಾದ ಕೊಡಾಕ್ ಕಂಪನಿಯಲ್ಲಿ. ಆದರೂ ಫಿಲ್ಮಿನ ವ್ಯಾಪಾರವನ್ನೇ ನೆಚ್ಚಿಕೊಂಡಿದ್ದ ಆ ಕಂಪನಿ 2012ರಲ್ಲಿ ದಿವಾಳಿ ರಕ್ಷಣೆಗಾಗಿ ಅಮೆರಿಕದ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಸಲಕರಣೆ ಬದಲಾಗುತ್ತಲೇ ಇರುತ್ತದೆ. ಅದನ್ನೇ ನಂಬಿ ನಿಂತವರಿಗೆ ಅದು ಬದಲಾದಾಗ ನೆಲೆ ಇಲ್ಲದಂತಾಗುತ್ತದೆ.

ಗಿರಾಕಿ ಹಣ ಕೊಡುವುದು ನಿಮ್ಮ ಜವಾಬ್ದಾರಿಗೆ. ಮದುವೆಯಲ್ಲಿ ಮಾಂಗಲ್ಯಧಾರಣೆ ನಡೆಯುವುದು ಒಮ್ಮೆ ಮಾತ್ರ. ಮಂಟಪದಲ್ಲಿ ಬೆಳಕು ಸಾಲದಿರಬಹುದು, ಅಕ್ಷತೆ ಹಾಕುವವರು ಅಡ್ಡ ಬರಬಹುದು. ಆದರೂ ಆ ಕ್ಷಣ ಚಿತ್ರದಲ್ಲಿ ಇರಲೇಬೇಕು. ಧಾರೆ, ಲಾಜಹೋಮ, ಸಪ್ತಪದಿ ಯಾವ ಕ್ರಮದಲ್ಲಿ ನಡೆಯುತ್ತವೆ, ನಿಕಾಹ್ ಹೇಗೆ ನಡೆಯುತ್ತದೆ, ಚರ್ಚಿನ ವಿವಾಹದಲ್ಲಿ ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು ಎಂಬುದನ್ನು ಬಲ್ಲವರು ಮೊದಲೇ ಸರಿಯಾದ ಜಾಗದಲ್ಲಿ ನಿಂತಿರುತ್ತಾರೆ. ಈ ತಿಳಿವಳಿಕೆ ಕ್ಯಾಮೆರಾದ ಪೆಟ್ಟಿಗೆಯೊಂದಿಗೆ ಬರುವುದಿಲ್ಲ.

ಮೊದಲು ಕಲಿಕೆ, ಆಮೇಲೆ ಖರೀದಿ

ಹೀಗಾಗಿ ಒಂದು ಮದುವೆಯ ಋತುವಿನಲ್ಲಿ, ರಜಾದಿನಗಳಂದು, ಅನುಭವಿ ಛಾಯಾಗ್ರಾಹಕರ ಸಹಾಯಕರಾಗಿ ಕೆಲಸ ಮಾಡಿ. ಲೈಟು ಹಿಡಿಯುವುದು, ಬ್ಯಾಟರಿ ಚಾರ್ಜ್ ಮಾಡುವುದು, ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವುದು ಸಣ್ಣ ಕೆಲಸಗಳಂತೆ ಕಂಡರೂ ಇಡೀ ಉದ್ಯೋಗ ನಿಂತಿರುವುದು ಇವುಗಳ ಮೇಲೆಯೇ.

ಕ್ರಮಬದ್ಧ ತರಬೇತಿ ಬೇಕೆನ್ನುವವರಿಗೂ ದಾರಿ ಇದೆ. ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯೂ, ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳೂ ಊಟ-ವಸತಿ ಸಹಿತ ಉಚಿತ ತರಬೇತಿ ನೀಡುತ್ತವೆ. ಅಲ್ಲಿ ಕಲಿಸುವ ವಿಷಯಗಳಲ್ಲಿ ಛಾಯಾಗ್ರಹಣ ಮತ್ತು ವಿಡಿಯೊಗ್ರಫಿಯೂ ಸೇರಿವೆ. ನಿಮ್ಮ ಜಿಲ್ಲೆಯಲ್ಲಿ ಮುಂದಿನ ತಂಡ ಯಾವಾಗ ಎಂದು ವಿಚಾರಿಸಿ.

ಸಲಕರಣೆಯನ್ನು ಆರಂಭದಲ್ಲಿ ದಿನದ ಬಾಡಿಗೆಗೆ ತರಬಹುದು. ಬಳಸಿದ ಕ್ಯಾಮೆರಾ ಕೊಳ್ಳುವುದಾದರೆ ಅದರ ಶಟರ್ ಈವರೆಗೆ ಎಷ್ಟು ಬಾರಿ ತೆರೆದುಕೊಂಡಿದೆ ಎಂಬ ಲೆಕ್ಕವನ್ನು ನೋಡಿ. ವಾಹನಕ್ಕೆ ಓಡಿದ ಕಿಲೋಮೀಟರು ಹೇಗೋ ಕ್ಯಾಮೆರಾಕ್ಕೆ ಅದು ಹಾಗೆ.

ಒಂದು ದಿನದ ಬೆಲೆ ಎಷ್ಟು?

ತೆರೆಯ ಮೇಲಿನ ಮಾತಿನಲ್ಲಿ ಅಂಕಿಗಳು ಬೇಗ ಸರಿದುಹೋಗುತ್ತವೆ. ಆದ್ದರಿಂದ ಲೆಕ್ಕವನ್ನು ಇಲ್ಲಿ ನಿಧಾನವಾಗಿ ಮಾಡೋಣ. ಇವು ಉದಾಹರಣೆಯ ಅಂಕಿಗಳು. ನಿಮ್ಮ ಊರಿನ ಅಂಕಿಗಳನ್ನು ನೀವೇ ಹಾಕಿಕೊಳ್ಳಿ.

ಕ್ಯಾಮೆರಾ, ಲೆನ್ಸ್, ಫ್ಲ್ಯಾಷ್ ಎಲ್ಲ ಸೇರಿ 1,20,000 ರೂಪಾಯಿ ಎಂದಿಟ್ಟುಕೊಳ್ಳಿ. ಅವು ನಾಲ್ಕು ವರ್ಷ ಬಾಳಿದರೆ ತಿಂಗಳ ಸವಕಳಿ 2,500. ಅಂಗಡಿ ಬಾಡಿಗೆ 4,000. ವಿದ್ಯುತ್, ಫೋನು, ಇಂಟರ್‌ನೆಟ್ಟಿಗೆ 1,500. ಕಂಪ್ಯೂಟರ್ ಮತ್ತು ರಿಪೇರಿಗೆ 1,500. ಸಾಲದ ಬಡ್ಡಿ 1,500. ಒಟ್ಟು 11,000 ರೂಪಾಯಿ. ನಿಮ್ಮ ದುಡಿಮೆಗೆ 15,000 ಸೇರಿಸಿದರೆ ತಿಂಗಳಿಗೆ 26,000, ವರ್ಷಕ್ಕೆ 3,12,000.

ವರ್ಷದಲ್ಲಿ 60 ದಿನ ಸಮಾರಂಭಗಳ ಕೆಲಸ ಸಿಕ್ಕಿತು ಎನ್ನೋಣ. ಆಗ ಒಂದು ದಿನಕ್ಕೆ 5,200 ರೂಪಾಯಿ ಬರಲೇಬೇಕು. ಆಲ್ಬಮ್ಮಿನ ಖರ್ಚು, ಸಹಾಯಕನ ಕೂಲಿ, ಪ್ರಯಾಣ ಇದಕ್ಕೆ ಹೊರತು. ಎದುರಿನ ಸ್ಟುಡಿಯೊದವರಿಗಿಂತ ಕಡಿಮೆ ಹೇಳಬೇಕೆಂದು 4,000ಕ್ಕೆ ಒಪ್ಪಿಕೊಂಡರೆ ಪ್ರತಿ ಕೆಲಸಕ್ಕೂ 1,200 ರೂಪಾಯಿಯನ್ನು ನಿಮ್ಮ ಕೂಲಿಯಿಂದಲೇ ಕಳೆದುಕೊಂಡಂತೆ. ಕೈಯಲ್ಲಿ ಹಣ ಓಡಾಡುವುದರಿಂದ ಈ ನಷ್ಟ ಕೂಡಲೇ ಕಾಣುವುದಿಲ್ಲ. ಕ್ಯಾಮೆರಾ ಕೆಟ್ಟು ಹೊಸದು ಕೊಳ್ಳಬೇಕಾದ ದಿನ ಕಾಣುತ್ತದೆ.

ಇನ್ನೊಂದು ಮಾತು. ಒಂದು ದಿನ ಚಿತ್ರ ತೆಗೆದರೆ ಆಯ್ಕೆ, ತಿದ್ದುಪಡಿ, ಆಲ್ಬಮ್ ವಿನ್ಯಾಸಕ್ಕೆ ಮತ್ತೆ ಎರಡು ಮೂರು ದಿನ ಹಿಡಿಯುತ್ತದೆ. ದರ ಹೇಳುವಾಗ ಆ ದಿನಗಳನ್ನು ಮರೆಯಬೇಡಿ.

ಆಷಾಢದಲ್ಲಿ ಏನು ಮಾಡುವಿರಿ?

ಈ 60 ದಿನಗಳು ವರ್ಷದುದ್ದಕ್ಕೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ನಮ್ಮ ನಾಡಿನ ಬಹುತೇಕ ಹಿಂದೂ ಕುಟುಂಬಗಳು ಮದುವೆ ಮಾಡುವುದಿಲ್ಲ. ಮುಹೂರ್ತದ ತಿಂಗಳುಗಳಲ್ಲಿ ಬಂದ ಹಣದಲ್ಲಿ ಒಂದು ಪಾಲನ್ನು ಈ ತಿಂಗಳುಗಳಿಗೆ ಎತ್ತಿಡಬೇಕು. ಜೊತೆಗೆ ಬೇರೆ ಕೆಲಸವನ್ನೂ ಹುಡುಕಿಕೊಳ್ಳಬೇಕು. ಶಾಲಾ ಕಾಲೇಜುಗಳ ದಾಖಲಾತಿ, ವಿದ್ಯಾರ್ಥಿವೇತನದ ಅರ್ಜಿಗಳ ಕಾಲ ಆಷಾಢದ ಆಸುಪಾಸಿನಲ್ಲೇ ಬರುವುದರಿಂದ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳಿಗೆ ಆಗ ಬೇಡಿಕೆ ಇರುತ್ತದೆ. ಇಳಕಲ್ ಸೀರೆ ನೇಯುವವರಿಗೆ, ಚನ್ನಪಟ್ಟಣದ ಗೊಂಬೆ ಮಾಡುವವರಿಗೆ, ಉಪ್ಪಿನಕಾಯಿ ಹಾಕುವ ಸ್ತ್ರೀಶಕ್ತಿ ಸಂಘಗಳಿಗೆ ಇಂಟರ್‌ನೆಟ್ ಮೂಲಕ ಮಾರಲು ಸರಕಿನ ಒಳ್ಳೆಯ ಚಿತ್ರಗಳು ಬೇಕು. ಕಿಟಕಿಯ ಬೆಳಕು, ಒಂದು ಬಿಳಿ ಹಾಳೆ, ತಾಳ್ಮೆ ಇದ್ದರೆ ಈ ಕೆಲಸವನ್ನು ಆರಂಭಿಸಬಹುದು.

ಕಾಗದಪತ್ರಗಳು

ಸ್ಟುಡಿಯೊ ತೆರೆಯುವವರು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಪ್ರಕಾರ ನೋಂದಣಿ ಮಾಡಿಸಬೇಕು. ಸ್ಥಳೀಯ ಸಂಸ್ಥೆಯ ಪರವಾನಗಿಯನ್ನೂ ವಿಚಾರಿಸಬೇಕು. ಕಿರು ಉದ್ದಿಮೆಗಳಿಗಾಗಿ 2020ರಲ್ಲಿ ಬಂದ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿ.ಎಸ್.ಟಿ. ನೋಂದಣಿ ಅಗತ್ಯ. ಸಾಲ ಬೇಕಾದಲ್ಲಿ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವರ್ಗದಲ್ಲಿ 50,000 ರೂಪಾಯಿವರೆಗೆ, 'ಕಿಶೋರ್' ವರ್ಗದಲ್ಲಿ 5 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಬ್ಯಾಂಕುಗಳು ಸಾಲ ನೀಡುತ್ತವೆ. ಅಡಮಾನವಿಲ್ಲ ಎಂದರೆ ಮರುಪಾವತಿ ಇಲ್ಲ ಎಂದರ್ಥವಲ್ಲ. ಮೇಲಿನ ಲೆಕ್ಕ ಹಾಕಿದ ಮೇಲೆಯೇ ಅರ್ಜಿ ಬರೆಯಿರಿ.

ಡ್ರೋನ್ ಬಳಸುವ ಆಸೆ ಇದ್ದವರು 2021ರ ಡ್ರೋನ್ ನಿಯಮಗಳನ್ನು ಓದಬೇಕು. 250 ಗ್ರಾಮಿಗಿಂತ ಹೆಚ್ಚು ತೂಕದ ಡ್ರೋನನ್ನು ಸಂಪಾದನೆಗಾಗಿ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು.

ಚಿತ್ರ ಯಾರದು?

ತೆಗೆದವನೇ ಚಿತ್ರದ ಒಡೆಯ ಎಂದು ನೀವು ಭಾವಿಸಿರಬಹುದು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಒಬ್ಬರ ಕೋರಿಕೆಯಂತೆ ಹಣ ಪಡೆದು ತೆಗೆದ ಛಾಯಾಚಿತ್ರದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವರೇ. ಆದ್ದರಿಂದ ಮದುಮಗಳ ಚಿತ್ರವನ್ನು ಅಂಗಡಿಯ ಗಾಜಿನಲ್ಲಿ ತೂಗುಹಾಕುವ ಮುನ್ನ, ಜಾಹೀರಾತಿಗೆ ಬಳಸುವ ಮುನ್ನ, ಆ ಮನೆಯವರ ಲಿಖಿತ ಒಪ್ಪಿಗೆ ಪಡೆಯಿರಿ. ಕೆಲಸ ಒಪ್ಪಿಕೊಳ್ಳುವಾಗಲೇ ದಿನಾಂಕ, ದರ, ಮುಂಗಡ, ಚಿತ್ರಗಳ ಸಂಖ್ಯೆ, ಆಲ್ಬಮ್ ಕೊಡುವ ದಿನ ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಮುಂದೆ ಮನಸ್ತಾಪಕ್ಕೆ ಎಡೆ ಇರುವುದಿಲ್ಲ.

ಚಿತ್ರಗಳ ಪ್ರತಿಗಳು ಮೂರಿರಲಿ. ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ. ಅವುಗಳಲ್ಲಿ ಒಂದು ಬೇರೆ ಜಾಗದಲ್ಲಿರಲಿ. ಕಳೆದ ಕ್ಯಾಮೆರಾವನ್ನು ಮತ್ತೆ ಕೊಳ್ಳಬಹುದು, ಕಳೆದುಹೋದ ಮದುವೆಯ ಚಿತ್ರಗಳನ್ನು ಮತ್ತೆ ತೆಗೆಯಲಾಗದು. ಹೇಳಿದ ದಿನ ಆಲ್ಬಮ್ ಕೈಗಿತ್ತರೆ, ಆ ಮನೆಯ ಸೀಮಂತಕ್ಕೂ ನಾಮಕರಣಕ್ಕೂ ನಿಮಗೇ ಕರೆ ಬರುತ್ತದೆ. ಉದ್ಯೋಗ ಬೆಳೆಯುವುದು ಹೀಗೆ ಎರಡನೆಯ ಬಾರಿ ಬರುವ ಗಿರಾಕಿಯಿಂದ.

ಕ್ಯಾಮೆರಾ ಅಂಗಡಿಗೆ ಹೊರಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಊರಿನಲ್ಲಿ ನಿಮಗೆ ಕೆಲಸ ಕೊಡಬಲ್ಲ ಹತ್ತು ಮಂದಿ ಯಾರು, ಒಂದು ದಿನದ ನಿಮ್ಮ ನಿಜವಾದ ಖರ್ಚು ಎಷ್ಟು, ಆಷಾಢದಲ್ಲಿ ಏನು ಮಾಡುವಿರಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ಮನೆಯ ಹಿರಿಯರಿಗೆ ಓದಿ ಹೇಳಿ. ಸಾಲಕ್ಕೆ ಸಹಿ ಹಾಕುವವರು ಅವರಾದ್ದರಿಂದ ಈ ಉತ್ತರಗಳನ್ನು ಕೇಳುವ ಹಕ್ಕು ಅವರಿಗಿದೆ. ಅವು ಅವರಿಗೂ ನಿಮಗೂ ಒಪ್ಪಿಗೆಯಾದರೆ ಧೈರ್ಯವಾಗಿ ಮುಂದುವರಿಯಿರಿ.